ಬ್ಯಾಕ್ಟೀರಿಯಾ ಫ್ಲೋರೈಡನ್ನು ಅರಿಯುವ ಬಗೆ

ನೀರನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಬೆಚ್ಚಗಿರುವಾಗಲೇ ಕುಡಿಯಿರಿ ಎಂದು ಕೀಲುನೋವಿನ ರೋಗಿಗಳಿಗೆ ನಾವು ಹಲವು ವರ್ಷ ಹೇಳಿದ್ದೇವೆ. ವಾತ ಮತ್ತು ಕಫದ ತೊಂದರೆಗಳಲ್ಲಿ ಉಷ್ಣೋದಕವು ಹಿತಕರವೆಂಬುದು ನಮ್ಮ ಗ್ರಂಥಗಳ ಮಾತು. ಅದರಲ್ಲಿ ದೋಷವಿಲ್ಲ. ಯಾವ ನೀರು ಎಂದು ಕೇಳದೆ ಆ ಮಾತನ್ನು ಹೇಳಿದ್ದು ನಮ್ಮ ದೋಷ.

ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಸಂಗತಿ. ಬಯಲುಸೀಮೆಯ ಒಂದು ಹಳ್ಳಿಯ ಹಿರಿಯ ರೈತರು, ಬೆನ್ನು ಬಗ್ಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ, ಬೆಳಗಿನ ಹೊತ್ತು ಮೈಯೆಲ್ಲ ಮರಗಟ್ಟಿದಂತಿರುತ್ತದೆ ಎಂದು ನಮ್ಮಲ್ಲಿಗೆ ಬಂದಿದ್ದರು. ಸಂಧಿವಾತವೆಂದು ನಿರ್ಣಯಿಸಿ ಮಹಾನಾರಾಯಣ ತೈಲದ ಅಭ್ಯಂಗ, ಯೋಗರಾಜ ಗುಗ್ಗುಳು, ಜೊತೆಗೆ ಅರ್ಧಕ್ಕೆ ಇಳಿಸಿದ ಬಿಸಿನೀರು ಎಂದು ಬರೆದುಕೊಟ್ಟೆವು. ಅವರು ಚಾಚೂ ತಪ್ಪದೆ ಪಾಲಿಸಿದರು. ಎಂಟು ತಿಂಗಳಾದರೂ ಬೆನ್ನು ಸಡಿಲಗೊಳ್ಳಲಿಲ್ಲ. ಒಂದು ದಿನ ಅವರೊಡನೆ ಹತ್ತು ವರ್ಷದ ಮೊಮ್ಮಗನೂ ಬಂದಿದ್ದ. ಹುಡುಗ ನಕ್ಕಾಗ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದು ಗೆರೆಗಳು ಕಂಡವು. ಆಗ ನಮಗೆ ಎಚ್ಚರವಾಯಿತು. ಅವರ ಕೊಳವೆಬಾವಿಯ ನೀರನ್ನು ತರಿಸಿ ಪರೀಕ್ಷೆಗೆ ಕಳುಹಿಸಿದೆವು. ಲೀಟರಿಗೆ 3 ಮಿಲಿಗ್ರಾಂಗಿಂತಲೂ ಹೆಚ್ಚು ಫ್ಲೋರೈಡ್ ಇದೆಯೆಂದು ವರದಿ ಬಂತು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲಿಯೇ ಉಳಿಯುತ್ತದೆ. ಅರ್ಧಕ್ಕೆ ಇಳಿಸಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿ. ಅವರನ್ನು ಬಾಧಿಸುತ್ತಿದ್ದ ವಸ್ತುವನ್ನೇ ನಾವು ಔಷಧವೆಂದು ಇನ್ನಷ್ಟು ಕುಡಿಸಿದ್ದೆವು.

ಇದನ್ನು ಈ ಅಂಕಣದಲ್ಲಿ ಬರೆಯಲು ಬಹಳ ಕಾಲ ಸಂಕೋಚವಾಗಿತ್ತು. ಈಗ ಬರೆಯಲು ಕಾರಣವಾದದ್ದು ಬ್ಯಾಕ್ಟೀರಿಯಾಗಳ ಕುರಿತ ಒಂದು ಸಂಶೋಧನೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಾಲಗೆಗೆ ಅದು ಸಿಕ್ಕುವುದಿಲ್ಲ. ನಮಗೆ ತಿಳಿಯದೆ ಹೋದದ್ದನ್ನು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಇರುವ ಬ್ಯಾಕ್ಟೀರಿಯಾಗಳು ಬಹು ಪ್ರಾಚೀನ ಕಾಲದಿಂದ ಅರಿಯುತ್ತ ಬಂದಿವೆ. ಅವುಗಳಿಗೆ ಕಣ್ಣು, ನಾಲಗೆ, ನರಮಂಡಲ ಯಾವುದೂ ಇಲ್ಲ. ಅರಿಯುವ ಸಾಧನ ಒಂದು ಮಡಚಿದ ಆರ್‌ಎನ್‌ಎ ಎಳೆ.

ಆರ್‌ಎನ್‌ಎ ಎಂದರೇನು ಎಂಬುದನ್ನು ಮೊದಲು ನೋಡೋಣ. ಜೀವಕೋಶವು ತಯಾರಿಸಬೇಕಾದ ಪ್ರೋಟೀನುಗಳ ವಿವರವೆಲ್ಲ ಡಿಎನ್‌ಎ ಎಂಬ ಉದ್ದನೆಯ ಅಣುವಿನಲ್ಲಿ ಬರೆದಂತೆ ಇದೆ. ಒಂದು ಪ್ರೋಟೀನಿಗೆ ಸಂಬಂಧಿಸಿದ ಭಾಗವನ್ನು ಜೀನು ಎನ್ನುತ್ತಾರೆ. ಹೊಲದ ಮೂಲಪತ್ರವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು, ಬೇಕಾದ ಪುಟದ ನಕಲನ್ನಷ್ಟೇ ಕಚೇರಿಗೆ ಕೊಂಡೊಯ್ಯುತ್ತೇವಲ್ಲವೆ? ಕೋಶವೂ ಹಾಗೆಯೇ ಬೇಕಾದ ಜೀನಿನ ನಕಲನ್ನು ಆರ್‌ಎನ್‌ಎ ರೂಪದಲ್ಲಿ ತೆಗೆಯುತ್ತದೆ. ಆ ನಕಲನ್ನು ಓದಿ ಪ್ರೋಟೀನು ಸಿದ್ಧವಾಗುತ್ತದೆ. ಎಲ್ಲ ಜೀನುಗಳೂ ಸದಾ ಕೆಲಸ ಮಾಡುತ್ತಿದ್ದರೆ ಕೋಶದ ಶಕ್ತಿ ಸಾಲದು. ಆದ್ದರಿಂದ ಬೇಕಾದಾಗ ನಡೆಸುವ, ಬೇಡವಾದಾಗ ನಿಲ್ಲಿಸುವ ಏರ್ಪಾಡು ಇರಲೇಬೇಕು. ನಾವು ಬಿ.ಎ.ಎಂ.ಎಸ್. ಓದುತ್ತಿದ್ದ ಕಾಲದಲ್ಲಿ ಈ ಅಧಿಕಾರವೆಲ್ಲ ಪ್ರೋಟೀನುಗಳದ್ದು, ಆರ್‌ಎನ್‌ಎ ಬರಿಯ ಓಲೆಕಾರ ಎಂದು ಹೇಳಿ ಒಂದೇ ಪುಟದಲ್ಲಿ ಮುಗಿಸಿದ್ದರು.

ಆ ತಿಳಿವಳಿಕೆ 2002ರಲ್ಲಿ ಬದಲಾಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ತಂಡವೂ ನ್ಯೂಯಾರ್ಕಿನ ಎವ್ಗೆನಿ ನುಡ್ಲರ್ ಅವರ ತಂಡವೂ ಬ್ಯಾಕ್ಟೀರಿಯಾಗಳ ಕೆಲವು ಆರ್‌ಎನ್‌ಎಗಳು ಯಾವ ಪ್ರೋಟೀನಿನ ನೆರವೂ ಇಲ್ಲದೆ ಬಿ1, ಬಿ2, ಬಿ12 ಜೀವಸತ್ವಗಳಿಂದಾದ ಅಣುಗಳನ್ನು ತಾವೇ ಹಿಡಿದು, ಸಂಬಂಧಿಸಿದ ಜೀನನ್ನು ತಡೆಯುತ್ತವೆಂದು ತೋರಿಸಿದವು. ಕೋಶದಲ್ಲಿ ಬಿ1 ಸಾಕಷ್ಟಿದ್ದರೆ ಅದನ್ನು ತಯಾರಿಸುವ ಜೀನಿನ ನಕಲು ತಾನೇ ಮಡಚಿಕೊಂಡು ಕೆಲಸವನ್ನು ನಿಲ್ಲಿಸುತ್ತದೆ. ಉಗ್ರಾಣದಲ್ಲಿ ಅಕ್ಕಿ ತುಂಬಿರುವಾಗ ಬೇಡಿಕೆಯ ಚೀಟಿಯೇ ತನ್ನನ್ನು ರದ್ದು ಮಾಡಿಕೊಂಡಂತೆ. ಇಂಥ ಆರ್‌ಎನ್‌ಎ ಭಾಗಕ್ಕೆ ರೈಬೋಸ್ವಿಚ್ ಎಂದು ಹೆಸರಾಯಿತು. ಬ್ರೇಕರ್ ಅವರು ಅದಕ್ಕೆ ಮೊದಲೇ ಪ್ರಯೋಗಾಲಯದಲ್ಲಿ ಇಂಥ ಕೃತಕ ಸ್ವಿಚ್ಚುಗಳನ್ನು ರಚಿಸಿದ್ದರು. ಮನುಷ್ಯ ಕೆಲವೇ ವರ್ಷಗಳಲ್ಲಿ ಮಾಡಬಲ್ಲದ್ದನ್ನು ಪ್ರಕೃತಿ ಇಷ್ಟು ಕಾಲದಲ್ಲಿ ಮಾಡದೆ ಇದ್ದೀತೆ ಎಂಬ ಪ್ರಶ್ನೆಯೇ ಅವರನ್ನು ಈ ಹುಡುಕಾಟಕ್ಕೆ ಹಚ್ಚಿತು. ಇಂದು 55ಕ್ಕೂ ಹೆಚ್ಚು ಬಗೆಯ ರೈಬೋಸ್ವಿಚ್ಚುಗಳು ತಿಳಿದಿವೆ.

ಇವನ್ನು ಹುಡುಕುವ ವಿಧಾನ ನಮಗೆ ಬಹಳ ಹಿಡಿಸಿತು. ಆದ್ದರಿಂದ ಅದನ್ನು ತುಸು ವಿವರವಾಗಿ ಹೇಳುತ್ತೇವೆ. ಆರ್‌ಎನ್‌ಎಯಲ್ಲಿ ಇರುವುದು ನಾಲ್ಕೇ ಅಕ್ಷರಗಳು: ಎ, ಯು, ಜಿ, ಸಿ. ಎಳೆಯು ತನ್ನ ಮೇಲೆಯೇ ಮಡಚಿಕೊಂಡಾಗ ಎ ಎದುರಿಗೆ ಯು, ಜಿ ಎದುರಿಗೆ ಸಿ ಬಂದು ಕೂಡುತ್ತವೆ. ಒಂದೇ ಕೆಲಸದ ಆರ್‌ಎನ್‌ಎಯನ್ನು ಬೇರೆ ಬೇರೆ ಬ್ಯಾಕ್ಟೀರಿಯಾಗಳಿಂದ ತೆಗೆದು ಹೋಲಿಸಿದರೆ ಅಕ್ಷರಗಳು ಅಲ್ಲಲ್ಲಿ ಬದಲಾಗಿರುತ್ತವೆ. ಒಂದು ಜಾತಿಯಲ್ಲಿ ಜಿ ಇದ್ದ ಕಡೆ ಇನ್ನೊಂದರಲ್ಲಿ ಎ ಇರಬಹುದು. ಅಲ್ಲಿ ಎ ಬಂದಾಗಲೆಲ್ಲ ದೂರದ ಮತ್ತೊಂದು ಸ್ಥಾನದಲ್ಲಿ ಸಿ ಹೋಗಿ ಯು ಬಂದಿದ್ದರೆ, ಆ ಎರಡು ಸ್ಥಾನಗಳು ಪರಸ್ಪರ ಜೋಡಿ ಎಂದು ತಿಳಿಯಬಹುದು. ಅಂಗಿಯ ಗುಂಡಿ ಮತ್ತು ಕಾಜವನ್ನು ನೆನೆಯಿರಿ. ಹತ್ತು ದರ್ಜಿಗಳು ಹೊಲಿದ ಹತ್ತು ಅಂಗಿಗಳಲ್ಲಿ ಗುಂಡಿಯ ಅಳತೆ ಬೇರೆ ಬೇರೆಯಾಗಿದ್ದು, ದೊಡ್ಡ ಗುಂಡಿಯಿದ್ದಲ್ಲೆಲ್ಲ ಕಾಜವೂ ದೊಡ್ಡದಾಗಿದ್ದರೆ, ಅಂಗಿಯನ್ನು ತೊಟ್ಟವರನ್ನು ನೋಡದೆಯೂ ಅವೆರಡೂ ಒಂದಕ್ಕೊಂದು ಸೇರತಕ್ಕವು ಎಂದು ಹೇಳಬಹುದು. ಅಕ್ಷರಗಳು ಬದಲಾದರೂ ಆಕಾರ ಉಳಿದಿದೆ. ಬದಲಾವಣೆಗಳ ನಡುವೆಯೂ ಇಷ್ಟು ಜತನದಿಂದ ಒಂದು ಆಕಾರ ಉಳಿದುಬಂದಿದ್ದರೆ ಅದಕ್ಕೆ ಏನೋ ಕೆಲಸವಿರಬೇಕು. ಯಾವ ಕೆಲಸವೆಂಬುದನ್ನು ಮಾತ್ರ ಗಣಕಯಂತ್ರ ಹೇಳಲಾರದು.

ಈ ರೀತಿಯ ಹೋಲಿಕೆಯಿಂದ 2010ರಲ್ಲಿ ಯೇಲ್ ತಂಡದವರು 104 ಹೊಸ ಆರ್‌ಎನ್‌ಎ ಆಕೃತಿಗಳ ಪಟ್ಟಿಯನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದು, ಸಿಆರ್‌ಸಿಬಿ ಎಂಬ ಜೀನಿನ ಮುಂಭಾಗದಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ಈ ಜೀನಿನ ಹೆಸರಿನ ಹಿಂದೆ ಸ್ವಾರಸ್ಯವಿದೆ. ಇದು ಹೆಚ್ಚಾಗಿದ್ದರೆ ಬ್ಯಾಕ್ಟೀರಿಯಾ ಕರ್ಪೂರದ ಬಾಧೆಯನ್ನು ತಾಳಿಕೊಳ್ಳುತ್ತದೆಂದು ಹಿಂದೆ ಯಾರೋ ಗಮನಿಸಿದ್ದರಿಂದ ಕರ್ಪೂರದ ಹೆಸರೇ ಅಂಟಿಕೊಂಡಿತು. ಪ್ರಕೃತಿಯಲ್ಲಿ ಎಷ್ಟು ಬ್ಯಾಕ್ಟೀರಿಯಾಗಳು ಕರ್ಪೂರವನ್ನು ಕಂಡಾವು? ನಿಜವಾದ ಕೆಲಸ ಬೇರೆ ಇರಬೇಕೆಂಬ ಸಂದೇಹ ಸಹಜವೇ. ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ಪರೀಕ್ಷೆಗೆ ಬಳಸಿದ ಒಂದು ಕೃತಕ ಸಂಯುಕ್ತಕ್ಕೆ ಈ ಆರ್‌ಎನ್‌ಎ ಸ್ಪಂದಿಸಿತು. ವಿಚಾರಿಸಿ ನೋಡಿದಾಗ ಸ್ಪಂದಿಸಿದ್ದು ಆ ಸಂಯುಕ್ತಕ್ಕಲ್ಲ, ಅದರಲ್ಲಿ ಕಲ್ಮಷವಾಗಿ ಬೆರೆತಿದ್ದ ಫ್ಲೋರೈಡಿಗೆ. ಈ ಶೋಧ 2012ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾಗಳಲ್ಲಿ ಮಾತ್ರವಲ್ಲದೆ ಅವುಗಳಿಂದ ಬಹು ದೂರ ಕವಲೊಡೆದ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಲ್ಲಿಯೂ ಇದೇ ಆಕೃತಿ ಕಂಡುಬಂದಿದೆ. ಭೂಮಿಯ ಹೊರಪದರದಲ್ಲಿ ಹೇರಳವಾಗಿರುವ ಧಾತುಗಳಲ್ಲಿ ಫ್ಲೋರೀನಿನದು 13ನೆಯ ಸ್ಥಾನ. ಕಲ್ಲುಮಣ್ಣುಗಳ ನಡುವೆ ಬಾಳುವ ಜೀವಿಗೆ ಈ ವಿಷದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇಲ್ಲಿ ರಸಾಯನಶಾಸ್ತ್ರ ಬಲ್ಲವರಿಗೆ ಒಂದು ಆಕ್ಷೇಪಣೆ ಹೊಳೆದೀತು. ಆರ್‌ಎನ್‌ಎಯ ಬೆನ್ನೆಲುಬು ಫಾಸ್ಫೇಟಿನದು, ಅದಕ್ಕೆ ಋಣ ವಿದ್ಯುದಂಶವಿದೆ. ಫ್ಲೋರೈಡಿಗೂ ಋಣ ವಿದ್ಯುದಂಶವೇ. ಸಮಾನವಾದವು ಒಂದನ್ನೊಂದು ದೂಡಬೇಕಲ್ಲದೆ ಹಿಡಿಯುವುದೆಂತು? ಅದೇ ವರ್ಷ ಐಮಿಂಗ್ ರೆನ್, ರಾಜಶಂಕರ್ ಹಾಗೂ ಮುಂಬಯಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ದಿನ್‌ಶಾ ಪಟೇಲ್ ಅವರು ಇದರ ಸ್ಫಟಿಕ ರಚನೆಯನ್ನು ಬಿಡಿಸಿ ತೋರಿಸಿದರು. ಅವರು ಬಳಸಿದ್ದು ಭೂಗರ್ಭದ ತೈಲ ನಿಕ್ಷೇಪದ ಬಿಸಿಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದ ಆರ್‌ಎನ್‌ಎ. ಅದರ ನಡುವೆ ಒಂದೇ ಒಂದು ಫ್ಲೋರೈಡ್ ಕುಳಿತಿದೆ. ಅದನ್ನು ಧನ ವಿದ್ಯುದಂಶವುಳ್ಳ ಮೂರು ಮೆಗ್ನೀಸಿಯಂ ಅಯಾನುಗಳು ಸುತ್ತುವರಿದಿವೆ. ಆ ಮೂರನ್ನೂ ಒಳಮುಖವಾಗಿ ತಿರುಗಿದ ಐದು ಫಾಸ್ಫೇಟುಗಳು ಹಿಡಿದಿವೆ. ಆಗದವರಿಬ್ಬರ ನಡುವೆ ಇಬ್ಬರಿಗೂ ಬೇಕಾದ ನೆಂಟರು ನಿಂತು ಮಾತು ಕೂಡಿಸಿದ ಹಾಗೆ. ಕ್ಲೋರೈಡ್ ಫ್ಲೋರೈಡಿನ ದಾಯಾದಿಯೇ ಆದರೂ ಗಾತ್ರದಲ್ಲಿ ದೊಡ್ಡದು, ಆ ಕಿರುಗೂಡಿನಲ್ಲಿ ಅದಕ್ಕೆ ಎಡೆಯಿಲ್ಲ. ನೀರಿನಲ್ಲಿ ಉಪ್ಪು ಎಷ್ಟಿದ್ದರೂ ಈ ಆರ್‌ಎನ್‌ಎ ಮೋಸಹೋಗುವುದಿಲ್ಲ.

ಹಿಡಿದ ಮೇಲೆ ಏನಾಗುತ್ತದೆ? ಜೀನಿನ ನಕಲು ತಯಾರಾಗುವಾಗ ಮೊದಲು ಹೊರಬರುವುದು ಈ ರೈಬೋಸ್ವಿಚ್ ಭಾಗ. ಫ್ಲೋರೈಡ್ ಇಲ್ಲದಿದ್ದರೆ ಆ ಎಳೆಯು ಮುಡಿಗೆ ಸಿಕ್ಕಿಸುವ ಹೇರ್‌ಪಿನ್ನಿನಂತೆ ಬಾಗಿ, ನಕಲು ತೆಗೆಯುವ ಯಂತ್ರವನ್ನು ಅಲ್ಲಿಯೇ ಕಳಚಿಬಿಡುತ್ತದೆ. ನಕಲು ಅರ್ಧಕ್ಕೆ ನಿಲ್ಲುತ್ತದೆ, ಪ್ರೋಟೀನು ಹುಟ್ಟುವುದಿಲ್ಲ. ಫ್ಲೋರೈಡ್ ಬಂದು ಕುಳಿತರೆ ಮೊದಲ ಮಡಿಕೆ ಗಟ್ಟಿಗೊಂಡು ಹೇರ್‌ಪಿನ್ ಆಗಲು ಬಿಡುವುದಿಲ್ಲ. ಯಂತ್ರ ಮುಂದೆ ಸಾಗುತ್ತದೆ, ಜೀನು ನಡೆಯುತ್ತದೆ. ಇದೆಲ್ಲ ಎಳೆ ಇನ್ನೂ ಹೊಸೆಯಲ್ಪಡುತ್ತಿರುವಾಗಲೇ ನಡೆಯಬೇಕು, ಯಂತ್ರ ದಾಟಿ ಹೋದ ಮೇಲೆ ನಿರ್ಣಯಕ್ಕೆ ಬೆಲೆಯಿಲ್ಲ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇದೇ ಆಕೃತಿ ನಕಲನ್ನು ತಡೆಯದೆ, ನಕಲನ್ನು ಓದುವುದನ್ನು ತಡೆಯುತ್ತದೆ.

ಹೀಗೆ ಹುಟ್ಟುವ ಪ್ರೋಟೀನು ಫ್ಲೋರೈಡನ್ನು ಕೋಶದಿಂದ ಹೊರಕ್ಕೆ ಬಿಡುವ ಕಾಲುವೆಯೆಂದು 2013ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಮಿಲ್ಲರ್ ಅವರ ತಂಡ ತೋರಿಸಿತು. ಕಾಲುವೆ ಏಕೆ ಬೇಕು ಎಂದರೆ, ಆಮ್ಲೀಯ ಪರಿಸರದಲ್ಲಿ ಫ್ಲೋರೈಡ್ ಜಲಜನಕದೊಡನೆ ಕೂಡಿ ವಿದ್ಯುದಂಶವಿಲ್ಲದ ಅಣುವಾಗಿ ಕೋಶದ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಒಳಗೆ ಬಂದೊಡನೆ ಬೇರ್ಪಟ್ಟು ಮತ್ತೆ ಅಯಾನಾಗುತ್ತದೆ, ಆ ರೂಪದಲ್ಲಿ ಪೊರೆಯನ್ನು ದಾಟಲಾರದು. ಕೂಳಿಯೊಳಗೆ ಹೊಕ್ಕ ಮೀನಿನ ಪಾಡು. ಒಳಗೆ ಸಿಕ್ಕಿಬಿದ್ದ ಫ್ಲೋರೈಡ್ ಸಕ್ಕರೆಯನ್ನು ಅರಗಿಸುವ ಎನೋಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಅಚ್ಚರಿಯೆಂದರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಈ ರೈಬೋಸ್ವಿಚ್ ಎನೋಲೇಸಿನ ಜೀನಿನ ಮುಂದೆಯೂ ಇದೆ. ವಿಷವನ್ನು ಹೊರಹಾಕುವುದರ ಜೊತೆಗೆ ವಿಷದಿಂದ ಕುಂದಿದ್ದನ್ನು ತುಂಬಿಕೊಡುವ ಏರ್ಪಾಡು ಅದು.

ರೋಗಕಾರಕ ಬ್ಯಾಕ್ಟೀರಿಯಾಗಳ ರೈಬೋಸ್ವಿಚ್ಚುಗಳನ್ನು ಕೆಡಿಸಿ ಅವುಗಳನ್ನು ಕೊಲ್ಲಬಹುದೆ ಎಂಬ ಪ್ರಯತ್ನವೂ ನಡೆದಿದೆ. 2015ರಲ್ಲಿ ಮರ್ಕ್ ಕಂಪನಿಯ ವಿಜ್ಞಾನಿಗಳು ಬಿ2 ಜೀವಸತ್ವದ ರೈಬೋಸ್ವಿಚ್ಚನ್ನು ಮರುಳುಗೊಳಿಸುವ ರೈಬೋಸಿಲ್ ಎಂಬ ಸಂಯುಕ್ತವನ್ನು ಪ್ರಕಟಿಸಿದರು; ಆ ಜಾತಿಯ ಸಂಯುಕ್ತ ಇಲಿಗಳಲ್ಲಿ ಸೋಂಕನ್ನು ತಗ್ಗಿಸಿತು. ಔಷಧವಾಗಲು ದಾರಿ ಇನ್ನೂ ಉದ್ದವಿದೆ. ನಮಗೆ ಅದಕ್ಕಿಂತ ಹತ್ತಿರದ್ದೆಂದು ತೋರಿದ್ದು ಇನ್ನೊಂದು ಕೆಲಸ. 2020ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಫ್ಲೋರೈಡ್ ರೈಬೋಸ್ವಿಚ್ಚನ್ನೇ ನೀರಿನ ಪರೀಕ್ಷೆಗೆ ಹಚ್ಚಿದರು. ಜೀವವಿರುವ ಬ್ಯಾಕ್ಟೀರಿಯಾ ಬೇಕಿಲ್ಲ. ಕೋಶದೊಳಗಿನ ಸಾಮಗ್ರಿಯನ್ನು ಹೊರತೆಗೆದು, ರೈಬೋಸ್ವಿಚ್ ಇರುವ ಡಿಎನ್‌ಎಯೊಡನೆ ಬೆರೆಸಿ, ಪುಡಿಯಾಗುವಂತೆ ಒಣಗಿಸಿ ಪುಟ್ಟ ಕೊಳವೆಯಲ್ಲಿಟ್ಟಿರುತ್ತಾರೆ. ಪರೀಕ್ಷಿಸಬೇಕಾದ ನೀರಿನ ಹನಿಯನ್ನು ಹಾಕಿದಾಗ ಲೀಟರಿಗೆ 2 ಮಿಲಿಗ್ರಾಂನಷ್ಟು ಫ್ಲೋರೈಡ್ ಇದ್ದರೂ ಅದು ಹಳದಿ ಬಣ್ಣಕ್ಕೆ ತಿರುಗುತ್ತದೆ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ಸ್ಥಳದಲ್ಲಿಯೇ ದೊರೆತ ನೀರಿನ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಗುಂಡಿ ಮತ್ತು ಕಾಜಗಳನ್ನು ಹೋಲಿಸುತ್ತ ಹೊರಟ ಹುಡುಕಾಟ ಹತ್ತು ವರ್ಷಗಳಲ್ಲಿ ಬಾವಿಯ ದಂಡೆಗೆ ಬಂದು ತಲುಪಿತು.

ಮನುಷ್ಯರಲ್ಲಿ ಇಂಥ ರೈಬೋಸ್ವಿಚ್ ಕಂಡುಬಂದಿಲ್ಲ. ನಮ್ಮ ದೇಹ ಫ್ಲೋರೈಡನ್ನು ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ ಹೊರಹಾಕುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಹೀರಿಕೊಂಡದ್ದರ ಸುಮಾರು ಅರ್ಧ ಭಾಗ ಮಾತ್ರ ಹೀಗೆ ಹೋಗುತ್ತದೆ, ಉಳಿದದ್ದು ಮೂಳೆ ಮತ್ತು ಹಲ್ಲುಗಳಲ್ಲಿ ಸೇರುತ್ತದೆ. ಬೆಳೆಯುವ ಮಕ್ಕಳಲ್ಲಿ ಸೇರುವ ಪಾಲು ಇನ್ನೂ ಹೆಚ್ಚು. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಸುತ್ತಲಿನ ಜನರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಗಟ್ಟಿಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಶಿಲೆಯ ಫ್ಲೋರೈಡ್ ಕರಗಿ ಸೇರುತ್ತದೆ. ಕೊಳವೆಬಾವಿ ಆಳಕ್ಕೆ ಹೋದಂತೆ ಇಂಥ ನೀರೇ ಸಿಗುವ ಸಂಭವವೂ ಹೆಚ್ಚು.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ನೀರಿನ ದೋಷಗಳ ವಿಚಾರವೂ ಕತಕ, ಅಂದರೆ ಚಿಲ್ಲದ ಬೀಜದಿಂದ ನೀರನ್ನು ತಿಳಿಗೊಳಿಸುವ ವಿಧಾನವೂ ಬಂದಿದೆ. ಅದು ಕದಡಿದ ನೀರಿಗೆ ಸಲ್ಲುವ ಮಾತು. ಫ್ಲೋರೈಡಿನ ನೀರು ಮೊದಲೇ ತಿಳಿಯಾಗಿರುತ್ತದೆ. ಆದ್ದರಿಂದ ಕೊಳವೆಬಾವಿಯ ನೀರನ್ನು ಕುಡಿಯುವ ಭಕ್ತರು ಒಮ್ಮೆಯಾದರೂ ಅದನ್ನು ಪರೀಕ್ಷಿಸಬೇಕೆಂದು ಕೇಳಿಕೊಳ್ಳುತ್ತೇವೆ. ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರನ್ನು ಜಿಲ್ಲೆಯ ಇಲ್ಲವೆ ತಾಲ್ಲೂಕಿನ ಸರಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಗಾಜು ಬೇಡ, ಫ್ಲೋರೈಡ್ ಗಾಜಿನೊಡನೆ ವರ್ತಿಸಬಹುದು. “ನೀರು ಚೆನ್ನಾಗಿದೆ” ಎಂಬ ಮಾತಿಗೆ ತೃಪ್ತರಾಗದೆ ಫ್ಲೋರೈಡಿನ ಅಂಕಿಯನ್ನೇ ಕೇಳಿ ಪಡೆಯಿರಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಹೆಚ್ಚಿದ್ದರೆ ಕುಡಿಯುವುದಕ್ಕೂ ಅಡುಗೆಗೂ ಮಳೆನೀರನ್ನೋ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಬಳಸಿ. ಅಡುಗೆಯ ನೀರನ್ನು ಮರೆಯುವವರೇ ಬಹಳ. ಘಟಕದ ಪೊರೆ ಹಳತಾದರೆ ಅದೂ ಹೆಸರಿಗಷ್ಟೇ ಶುದ್ಧ, ಅದರ ನೀರನ್ನೂ ಆಗಾಗ ಪರೀಕ್ಷಿಸುವುದು ಒಳ್ಳೆಯದು.

ಆಹಾರದಲ್ಲಿ ಹಾಲು, ರಾಗಿ, ಎಳ್ಳು, ಸೊಪ್ಪುಗಳು, ನೆಲ್ಲಿಕಾಯಿ ಇರಲಿ. ಸುಣ್ಣದಂಶ ಸಾಕಷ್ಟಿದ್ದರೆ ಕರುಳು ಫ್ಲೋರೈಡನ್ನು ಹೀರುವುದು ಕಡಿಮೆಯಾಗುತ್ತದೆ. ಚಹದ ಎಲೆಯಲ್ಲಿಯೇ ಫ್ಲೋರೈಡ್ ಇರುವುದರಿಂದ ಅದನ್ನು ಮಿತಗೊಳಿಸಬೇಕು. ಹುಣಸೆಹಣ್ಣಿನ ಸೇವನೆಯಿಂದ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋಗುತ್ತದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು ಬಾಲಕರ ಒಂದು ಸಣ್ಣ ಗುಂಪಿನಲ್ಲಿ ಕಂಡಿದ್ದಾರೆ. ಸಾರಿಗೆ ಹುಣಸೆ ಹಾಕುವವರು ಸಂತೋಷಪಡಬಹುದು. ಆದರೆ ಹುಣಸೆಯ ಧೈರ್ಯದಿಂದ ಕೆಟ್ಟ ನೀರನ್ನು ಕುಡಿಯುತ್ತ ಹೋಗಬಾರದು. ಉಷ್ಣೋದಕವನ್ನು ನಾವು ಇಂದಿಗೂ ಹೇಳುತ್ತೇವೆ, ನೀರಿನ ವರದಿಯನ್ನು ನೋಡಿದ ಮೇಲೆ.

ಆ ಹಿರಿಯರ ಬೆನ್ನು ಪೂರ್ತಿ ನೇರವಾಗಲಿಲ್ಲ. ಮೂಳೆಯಲ್ಲಿ ಕೂತ ಫ್ಲೋರೈಡ್ ಬೇಗ ಬಿಡುವುದಿಲ್ಲ. ನೀರನ್ನು ಬದಲಾಯಿಸಿದ ಮೇಲೆ ನೋವು ಮಾತ್ರ ತಗ್ಗಿತು. ನಡೆದ ತಪ್ಪನ್ನು ನಾವು ಬಿಡಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಹುಡುಗ್ರಿಗೆ ಯಾವ ನೀರು ಕುಡಿಸೂಣ್ರಿ ಡಾಕ್ಟ್ರೇ?” ಎಂದಷ್ಟೇ ಕೇಳಿದರು. ಮನೆಯ ಮಾಳಿಗೆಯ ಮಳೆನೀರನ್ನು ಹಿಡಿಯುವ ತೊಟ್ಟಿಯನ್ನು ಆ ವರ್ಷವೇ ಕಟ್ಟಿಸಿದರು. ಅವರು ಈಗಿಲ್ಲ. ಹೋದ ಕಾರ್ತಿಕದಲ್ಲಿ ಅದೇ ಮೊಮ್ಮಗ ತನ್ನ ಎಂಟು ವರ್ಷದ ಮಗಳನ್ನು ಕೆಮ್ಮಿನ ಔಷಧಕ್ಕೆಂದು ನಮ್ಮಲ್ಲಿಗೆ ಕರೆತಂದಿದ್ದ. ಗಂಟಲನ್ನು ನೋಡಲು ಬಾಯಿ ತೆರೆಸಿದೆವು. ಮುಂದಿನ ನಾಲ್ಕು ಹಲ್ಲು ಹೊಸದಾಗಿ ಬಂದಿದ್ದವು. ಒಂದರ ಮೇಲೂ ಗೆರೆಯಿರಲಿಲ್ಲ.